ಹದ್ದಣ್ಣನ ಕಣ್ಣಿಗೆ ಕಂಪನಿಯ ಚಿಕಿತ್ಸೆ

ಸೋಡಾ ಕಾರ್ಖಾನೆಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮಿಕ್ಕವರಿಗೆಲ್ಲ ಅವನು ಹದ್ದಣ್ಣ. ಯಾರೋ ಒಮ್ಮೆ ಹದ್ದಿನ ಕಣ್ಣು ಎಂದು ಹೊಗಳಿದ್ದರು. ಇನ್ನೊಬ್ಬರ ಹೊಗಳಿಕೆಯನ್ನು ಪೂರ್ತಿಯಾಗಿ ಹೇಳುವಷ್ಟು ಪುರುಸೊತ್ತು ಯಾರಿಗಿದೆ? ಕಣ್ಣು ಉದುರಿ ಹದ್ದು ಉಳಿಯಿತು. ಯಾರ ತಂಟೆಗೂ ಹೋಗದ ಮನುಷ್ಯ ಎಂಬ ಕಾರಣಕ್ಕೆ ಅಣ್ಣ ಸೇರಿಕೊಂಡಿತು.

ಅವನ ಕೆಲಸ ಬಾಟಲಿ ನೋಡುವುದು. ಅಂಗಡಿಗಳಿಂದ ಖಾಲಿಯಾಗಿ ವಾಪಸು ಬಂದ ಗಾಜಿನ ಬಾಟಲಿಗಳನ್ನು ಯಂತ್ರ ತೊಳೆಯುತ್ತದೆ. ತೊಳೆದವು ಬೆಲ್ಟಿನ ಮೇಲೆ ಸಾಲಾಗಿ ಬಂದು, ಬಿಳಿ ಬೆಳಕಿನ ಒಂದು ಹಲಗೆಯ ಮುಂದೆ ಹಾದು, ಸೋಡಾ ತುಂಬುವ ಯಂತ್ರಕ್ಕೆ ಹೋಗುತ್ತವೆ. ಹಲಗೆಯ ಎದುರಿಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಹದ್ದಣ್ಣ. ಬಾಯಿ ಒಡೆದದ್ದು, ಬಿರುಕು ಬಿಟ್ಟದ್ದು, ಒಳಗೆ ಸಿಗರೇಟಿನ ತುಂಡು ಉಳಿದದ್ದು ಕಂಡರೆ ಎತ್ತಿ ಬುಟ್ಟಿಗೆ ಹಾಕಬೇಕು. ಕೈಗೆ ಸಿಗದೆ ಮುಂದೆ ಹೋಗಿಬಿಟ್ಟರೆ ಬಲಗಡೆ ಇರುವ ದಪ್ಪನೆಯ ಕೆಂಪು ಬಟನ್ನನ್ನು ಅಂಗೈಯಿಂದ ಒತ್ತಬೇಕು, ಬೆಲ್ಟು ನಿಲ್ಲುತ್ತದೆ. ಕೆಲಸ ಇಷ್ಟೇ. ಇಷ್ಟೇನಾ ಎಂದು ಮೂಗು ಮುರಿಯುವವರು ಒಂದು ಗಂಟೆ ಆ ಸ್ಟೂಲಿನ ಮೇಲೆ ಕೂತು ಬರಲಿ. ಎದ್ದ ಮೇಲೆ ಗೋಡೆಗಳೂ ಬಲದಿಂದ ಎಡಕ್ಕೆ ಹರಿಯುತ್ತಿರುತ್ತವೆ.

ಹದ್ದಣ್ಣ ಆ ಸ್ಟೂಲಿನ ಮೇಲೆಯೇ ಮೀಸೆ ಬೆಳೆಸಿ, ಮದುವೆಯಾಗಿ, ಮೀಸೆಗೆ ಬಿಳಿ ಬರುವತನಕ ಬಾಳಿದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅವನಿಗೆ ಮೈಗೂಡಿಹೋಗಿತ್ತು. ಮನೆಯಲ್ಲಿ ನೀರು ಕುಡಿಯುವ ಮೊದಲು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. ಲೋಟ ಸ್ಟೀಲಿನದು ಎಂದು ಹೆಂಡತಿ ಎಷ್ಟು ಸಲ ಹೇಳಿದರೂ ಅಷ್ಟೇ. ಬಸ್ ನಿಲ್ದಾಣದಲ್ಲಿ ನಿಂತರೆ ಹಾದುಹೋಗುವ ಬಸ್ಸುಗಳ ಕಿಟಕಿಯಲ್ಲಿ ಎಲ್ಲಿ ಗಾಜು ಸೀಳಿದೆ ಎಂದು ಕಣ್ಣೇ ಹುಡುಕಿಕೊಳ್ಳುತ್ತಿತ್ತು. ಹೀಗಾಗಿ ಹತ್ತಬೇಕಾದ ಬಸ್ಸು ಎಷ್ಟೋ ಸಲ ತಪ್ಪಿತ್ತು. "ನಿಮ್ಮನ್ನ ಕಟ್ಕೊಂಡು ನಾನೊಬ್ಬಳು ಪಾಸಾದ್ನಲ್ಲ, ಅದೇ ದೊಡ್ಡದು" ಎಂದು ಹೆಂಡತಿ ನಗುತ್ತಿದ್ದಳು. ಆಗ ಅವಳು ನಗುತ್ತಿದ್ದಳು.

ಹೆಂಡತಿಗೆ ಒಬ್ಬನೇ ತಮ್ಮ. ವಿದ್ಯುತ್ ಕೆಲಸ ಕಲಿತು ಅಲ್ಲಿ ಇಲ್ಲಿ ಫ್ಯಾನು ರಿಪೇರಿ ಮಾಡಿಕೊಂಡಿದ್ದವನನ್ನು, ಮೇಲ್ವಿಚಾರಕನ ಕೈಕಾಲು ಹಿಡಿದು ಕಾರ್ಖಾನೆಗೆ ವೈರ್‌ಮನ್ ಆಗಿ ಸೇರಿಸಿದವನು ಹದ್ದಣ್ಣನೇ. ಆ ದಿನ ಅತ್ತೆ ಅಳಿಯನನ್ನು ದೇವರ ಪಕ್ಕದಲ್ಲಿಟ್ಟು ನೋಡಿದ್ದಳು. ದೇವರ ಪಕ್ಕದ ಜಾಗ ಕೆಟ್ಟದ್ದು. ಬೀಳುವಾಗ ಪೆಟ್ಟು ಜಾಸ್ತಿ.

ಎಡವಟ್ಟಾದದ್ದು ಒಂದು ಮಧ್ಯಾಹ್ನ. ಕತ್ತಿನ ಕೆಳಗೆ ಕೂದಲೆಳೆಯಂಥ ಬಿರುಕಿದ್ದ ಒಂದು ಬಾಟಲಿ ಬಂತು. ಹದ್ದಣ್ಣ ನೋಡಿದ, ಕೈಹಾಕಿದ, ಒದ್ದೆ ಗಾಜು ಬೆರಳಿನಿಂದ ಜಾರಿ ಮುಂದೆ ಹೋಯಿತು. ತುಂಬುವ ಯಂತ್ರದ ಬಳಿ ಭಾಮೈದ ಕಂಬಿಯ ಬಾಗಿಲು ತೆಗೆದು, ಮೊಣಕಾಲೂರಿ, ಒಳಗಿನ ದೀಪದ ತಂತಿ ಸರಿಮಾಡುತ್ತಿದ್ದ. ಬೆಲ್ಟು ನಿಲ್ಲಿಸಿ ರಿಪೇರಿ ಮಾಡುವ ದುಂದುಗಾರಿಕೆ ಆ ಕಾರ್ಖಾನೆಯಲ್ಲಿ ಇರಲಿಲ್ಲ. ಗ್ಯಾಸು ತುಂಬಿದ ಕ್ಷಣ ಬಾಟಲಿ ಸಿಡಿಯಿತು, ಒಂದು ಚೂರು ಭಾಮೈದನ ಎಡಗಣ್ಣಿಗೆ ಹೊಕ್ಕಿತು. ಕಣ್ಣು ಉಳಿಯಲಿಲ್ಲ.

ವಿಚಾರಣೆಗೆ ಮೂರು ಜನ ದೊಡ್ಡವರು ಕೂತರು. ಚಹಾ ಬಿಸ್ಕತ್ತು ಬಂತು. ಅವರ ತರ್ಕ ತೊಳೆದಿಟ್ಟ ಬಾಟಲಿಯಷ್ಟು ಸ್ವಚ್ಛವಾಗಿತ್ತು. ಬಟನ್ ಒತ್ತಿದರೆ ಬೆಲ್ಟು ನಿಲ್ಲುತ್ತದೆ. ಬೆಲ್ಟು ನಿಲ್ಲಲಿಲ್ಲ. ಆದ್ದರಿಂದ ಬಟನ್ ಒತ್ತಿಲ್ಲ. ಬಟನ್ ತೋರಿಸಿ ಎಂದರು, ತೋರಿಸಿದರು, ಒತ್ತಿದರು, ಬೆಲ್ಟು ಗಪ್ಪನೆ ನಿಂತಿತು. ಇನ್ನೇನು ಬೇಕು? "ಒತ್ತಿದ್ಯೇನಪ್ಪಾ?" ಎಂದು ಹದ್ದಣ್ಣನನ್ನು ಕೇಳಿದರು. ಅವನಿಗೆ ಬಾಟಲಿ ಜಾರಿದ್ದು ನೆನಪಿತ್ತು, ಸಿಡಿದ ಸದ್ದು ನೆನಪಿತ್ತು. ನಡುವೆ ಏನಾಯಿತು ಎಂದು ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ, ಬರೀ ಬಿಳಿ ಬೆಳಕು. "ಗೊತ್ತಿಲ್ಲ ಸಾರ್" ಎಂದ. ಗೊತ್ತಿಲ್ಲ ಎನ್ನುವವನು ಬಡವನಾಗಿದ್ದರೆ ಅದಕ್ಕೆ ಒಪ್ಪಿಕೊಂಡ ಎಂದು ಅರ್ಥ. ಕಂಪನಿ ದೊಡ್ಡ ಮನಸ್ಸು ಮಾಡಿ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಇನ್ನೂ ದೊಡ್ಡ ಮನಸ್ಸು ಮಾಡಿ ಭಾಮೈದನಿಗೆ ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿತು.

ಮನೆಯಲ್ಲಿ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಒಂದು ಜಗಳದಲ್ಲಿ ಮುಗಿಯುತ್ತಿತ್ತು. ಅವಳು ತಟ್ಟೆ ಇಟ್ಟು, ಬಡಿಸಿ, "ಇನ್ನೇನಾದ್ರೂ ಬೇಕಾ?" ಎಂದು ನೆಂಟರನ್ನು ಕೇಳುವ ಹಾಗೆ ಕೇಳುತ್ತಿದ್ದಳು. ಬೈಯುವ ಕೆಲಸವನ್ನು ಮಗನ ಮನೆಯಿಂದ ಬಂದು ಅತ್ತೆ ವಹಿಸಿಕೊಂಡಳು. "ನನ್ನ ಮಗನ ಕಣ್ಣು ತೆಗೆಯೋಕೆ ಇವನಿಗೆ ಎರಡು ಕಣ್ಣು ಬೇಕಾಗಿತ್ತಾ" ಎಂದು ನೆರೆಮನೆಯವರಿಗೆ ಕೇಳುವಂತೆ ಹೇಳುತ್ತಿದ್ದಳು. ಭಾಮೈದ ಮಾತ್ರ ಒಂದು ಮಾತೂ ಆಡಲಿಲ್ಲ. ಭಾವನನ್ನು ಕಂಡರೆ ತಲೆ ತಗ್ಗಿಸಿ ಹೋಗುತ್ತಿದ್ದ. ಆ ತಗ್ಗಿದ ತಲೆ ಅತ್ತೆಯ ಬೈಗುಳಕ್ಕಿಂತ ಹೆಚ್ಚು ಕೊರೆಯಿತು. ನನ್ನ ಕೈ ಯಾಕೆ ಸತ್ತುಹೋಗಿತ್ತು ಎಂದು ಹದ್ದಣ್ಣ ತನ್ನ ಬಲಗೈಯನ್ನೇ ನೋಡಿಕೊಂಡು ಕೂರುವುದಕ್ಕೆ ಶುರುಮಾಡಿದ.

ಕೆಲಸಕ್ಕೆ ಮರಳಿದ ಮೇಲೆ ಅವನಿಗೆ ಎಲ್ಲ ಬಾಟಲಿಯಲ್ಲೂ ಬಿರುಕು ಕಾಣತೊಡಗಿತು. ಒಳ್ಳೆಯದು ಕೆಟ್ಟದ್ದು ಎನ್ನದೆ ಎತ್ತಿ ಎತ್ತಿ ಬುಟ್ಟಿಗೆ ಹಾಕಿದ. ಬುಟ್ಟಿ ತುಂಬಿತು, ಇನ್ನೊಂದು ಬಂತು, ಅದೂ ತುಂಬಿತು. ತುಂಬುವ ಯಂತ್ರ ಉಪವಾಸ ಕೂತಿತು. ನೌಕರ ನಿದ್ದೆಗೆಟ್ಟರೆ ಕಂಪನಿಗೆ ತಿಳಿಯುವುದಿಲ್ಲ, ಯಂತ್ರ ಉಪವಾಸ ಬಿದ್ದರೆ ಆ ಗಳಿಗೆಯಲ್ಲೇ ತಿಳಿಯುತ್ತದೆ. ದೊಡ್ಡ ಸಾಹೇಬರು, ಎಂದರೆ ಕಾರ್ಖಾನೆಯ ಮ್ಯಾನೇಜರು, ಖುದ್ದಾಗಿ ಇಳಿದು ಬಂದರು.

ತೆಗೆದುಹಾಕೋಣವೆಂದರೆ ಅಂಥ ಇನ್ನೊಂದು ಜೋಡಿ ಕಣ್ಣು ತಯಾರಾಗಲು ವರ್ಷಗಳು ಬೇಕು. ಆದ್ದರಿಂದ ಇದ್ದ ಕಣ್ಣನ್ನೇ ರಿಪೇರಿ ಮಾಡಿಸುವುದೆಂದು ತೀರ್ಮಾನವಾಯಿತು. ಮೊದಲು ಕಣ್ಣಿನ ಡಾಕ್ಟರ ಬಳಿಗೆ ಕಳಿಸಿದರು. ಆ ಡಾಕ್ಟರು ಗೋಡೆಯ ಅಕ್ಷರಗಳನ್ನು ಓದಿಸಿದರು. ಹದ್ದಣ್ಣ ಕೊನೆಯ ಸಾಲಿನ ಕೆಳಗೆ ಸಣ್ಣದಾಗಿ ಮುದ್ರಿಸಿದ್ದ ಪ್ರೆಸ್ಸಿನ ವಿಳಾಸವನ್ನೂ ಓದಿ, ಪಟಕ್ಕೆ ಹಾಕಿದ ಗಾಜು ಮೂಲೆಯಲ್ಲಿ ಬಿರುಕು ಬಿಟ್ಟಿದೆ ಎಂದೂ ಹೇಳಿದ. ಡಾಕ್ಟರು ಬೇಸರದಿಂದ ಕಣ್ಣಿಗೆ ಬಿಡುವ ಔಷಧ ಬರೆದುಕೊಟ್ಟು, ತೊಂದರೆ ಇರುವುದು ಕಣ್ಣಿನ ಹಿಂದೆ ಎಂದರು. ಕಂಪನಿಯ ಸಿಬ್ಬಂದಿ ಅಧಿಕಾರಿ ಯಾವುದೋ ತರಬೇತಿಯಲ್ಲಿ ಕೇಳಿಬಂದಿದ್ದ. "ಸಾರ್, ಕಣ್ಣು ಅತ್ತಿತ್ತ ಆಡಿಸಿದ್ರೆ ಮನಸ್ಸಿನ ಗಾಯ ವಾಸಿಯಾಗೋ ಒಂದು ಚಿಕಿತ್ಸೆ ಇದೆ. ದೊಡ್ಡ ಅಪಘಾತ ಆದೋರಿಗೆ, ಯುದ್ಧಕ್ಕೆ ಹೋಗಿಬಂದೋರಿಗೆ ಕೊಡ್ತಾರೆ" ಎಂದ. ಸಾಹೇಬರಿಗೆ ಅದರಲ್ಲಿ ಹಿಡಿಸಿದ್ದು ವಾಸಿಯಾಗುವುದಲ್ಲ. "ಅಂದ್ರೆ ಆ ದಿನದ್ದೆಲ್ಲ ಮರೆತುಬಿಡ್ತಾನೆ ತಾನೆ?" ಎಂದು ಕೇಳಿದರು. ಸಿಬ್ಬಂದಿ ಅಧಿಕಾರಿ ಸಾಹೇಬರ ಮುಖ ನೋಡಿ ಹೌದು ಎಂದ.

ಚಿಕಿತ್ಸೆಯ ಕೋಣೆ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಎಕ್ಸ್‌ರೇ ತೆಗೆಯುವ ಕೋಣೆಯ ಪಕ್ಕದಲ್ಲಿತ್ತು. ಎರಡು ಕುರ್ಚಿ, ಒಂದು ಕಿಟಕಿ, ಮೇಜಿನ ಮೇಲೆ ಕಣ್ಣೊರೆಸಿಕೊಳ್ಳುವ ಕಾಗದದ ಡಬ್ಬಿ. ಅಲ್ಲಿ ಚಿಕಿತ್ಸೆ ಕೊಡುವ ಮೇಡಂಗೆ ಸುಮಾರು ಅವನದೇ ವಯಸ್ಸು, ಗಟ್ಟಿ ಚಪ್ಪಲಿ, ಅವಸರವಿಲ್ಲದ ಮಾತು. ಕುರ್ಚಿಗಳನ್ನು ನೇರ ಎದುರುಬದುರು ಇಡದೆ ಸ್ವಲ್ಪ ಓರೆಯಾಗಿ ಇಟ್ಟಿದ್ದರು.

"ಕೆಲವು ನೆನಪು ಗಂಟಲಲ್ಲಿ ಸಿಕ್ಕಿಕೊಂಡ ತುತ್ತಿನ ಹಾಗೆ," ಎಂದರು ಮೇಡಂ. "ಒಳಗೂ ಹೋಗಲ್ಲ, ಹೊರಗೂ ಬರಲ್ಲ. ಅದನ್ನ ಮನಸ್ಸಲ್ಲಿ ಇಟ್ಕೊಂಡು ನನ್ನ ಬೆರಳಿನ ಜೊತೆ ಕಣ್ಣು ಆಡಿಸ್ತಾ ಹೋದ್ರೆ ನಿಧಾನಕ್ಕೆ ಜಾರುತ್ತೆ. ಯಾಕೆ ಜಾರುತ್ತೆ ಅಂತ ಪಂಡಿತರು ಇನ್ನೂ ಜಗಳ ಆಡ್ತಾ ಇದ್ದಾರೆ. ಎಷ್ಟೋ ಜನಕ್ಕೆ ಜಾರಿದ್ದಂತೂ ನಿಜ."

"ಮರೆತುಹೋಗುತ್ತಾ ಮೇಡಂ?"

"ಇಲ್ಲ. ನೆನಪಿರುತ್ತೆ. ಕಚ್ಚಲ್ಲ, ಅಷ್ಟೇ."

ಆ ದಿನವನ್ನು ನೆನೆದಾಗ ಎಷ್ಟು ಸಂಕಟವಾಗುತ್ತದೆ, ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದರು. ಎಷ್ಟಕ್ಕೆ ಪಾಸು ಎಂದು ಹದ್ದಣ್ಣ ಕೇಳಿದ. ಇಲ್ಲಿ ಪಾಸು ಫೇಲು ಇಲ್ಲ ಎಂದರು. ಅಂಥ ಜಾಗಕ್ಕೆ ಅವನು ಹುಟ್ಟಿದಾಗಿನಿಂದ ಹೋಗಿರಲಿಲ್ಲ. ಹತ್ತು ಎಂದ. ಆ ಗಳಿಗೆಯಲ್ಲಿ ನಿಮ್ಮ ಬಗ್ಗೆ ನಿಮಗೆ ಏನನ್ನಿಸುತ್ತದೆ ಎಂದು ಕೇಳಿದರು. "ನನ್ನ ಕೈ ಸತ್ತಿತ್ತು ಮೇಡಂ." ಅದರ ಬದಲು ಏನನ್ನಿಸಿದರೆ ಚೆನ್ನ? "ಆವತ್ತು ನಾನು ರಜಾ ಹಾಕಿದ್ದೆ ಅಂತ." ಮೇಡಂ ನಗಲಿಲ್ಲ, ಬರೆದುಕೊಂಡರು.

ಆಮೇಲೆ ಎರಡು ಬೆರಳು ಎತ್ತಿ ಅವನ ಕಣ್ಣೆದುರು ಅತ್ತಿಂದಿತ್ತ ಆಡಿಸತೊಡಗಿದರು. ಇಲ್ಲಿ ಹದ್ದಣ್ಣನ ಕಸುಬು ಅಡ್ಡ ಬಂತು. ಬಲದಿಂದ ಎಡಕ್ಕೆ ಬೆರಳಿನ ಜೊತೆ ಅವನ ಕಣ್ಣು ನಯವಾಗಿ ಹರಿಯುತ್ತಿತ್ತು. ಎಡದಿಂದ ಬಲಕ್ಕೆ ಬರುವಾಗ ಬೆರಳನ್ನು ಬಿಟ್ಟು ಒಂದೇ ನೆಗೆತಕ್ಕೆ ಬಲತುದಿಗೆ ಹೋಗಿ ಮುಂದಿನ ಬಾಟಲಿಗೆ ಕಾದು ನಿಲ್ಲುತ್ತಿತ್ತು. ಬೆಲ್ಟು ಹಿಂದಕ್ಕೆ ಹರಿದದ್ದನ್ನು ಆ ಕಣ್ಣು ಒಮ್ಮೆಯೂ ಕಂಡಿರಲಿಲ್ಲ. ಮೇಡಂ ನಿಧಾನ ಮಾಡಿದರು, ಮತ್ತೆ ತೋರಿಸಿದರು. ಅಷ್ಟರಲ್ಲಿ ಹದ್ದಣ್ಣನ ಬಲಗೈ ಫಕ್ಕನೆ ಮುಂದೆ ಹೋಗಿ, ಮೇಡಂನ ಎರಡು ಬೆರಳನ್ನು ಹಿಡಿದು, ಪಕ್ಕಕ್ಕೆ ಎಳೆದು ಕೆಳಗಿಳಿಸಿತು.

ಹದ್ದಣ್ಣನ ಕಿವಿ ಕೆಂಪಗಾಯಿತು.

"ಎಲ್ಲಿಗೆ ಹಾಕ್ತಾ ಇದ್ರಿ?" ಎಂದು ಮೇಡಂ ಶಾಂತವಾಗಿ ಕೇಳಿದರು.

"ಬುಟ್ಟಿಗೆ ಮೇಡಂ. ಉಗುರಿನ ತುದಿ ಒಡೆದಿತ್ತು."

ಮೇಡಂ ತಮ್ಮ ಉಗುರು ನೋಡಿಕೊಂಡರು. ಒಡೆದಿತ್ತು. "ಇಲ್ಲಿ ಯಾವುದನ್ನೂ ತೆಗೆಯೋದಿಲ್ಲ," ಎಂದರು. "ಬರೋದು ಬರಲಿ, ಹೋಗೋದು ಹೋಗಲಿ. ಕೈ ಎರಡನ್ನೂ ತೊಡೆ ಕೆಳಗೆ ಇಟ್ಕೊಂಡು ಕೂತ್ಕೊಳ್ಳಿ." ಜೀವಮಾನವೆಲ್ಲ ಹೋಗುವುದನ್ನು ಹೋಗಲು ಬಿಡಬೇಡ ಎಂದು ಸಂಬಳ ಪಡೆದವನಿಗೆ ಈ ಮಾತು ತಲೆಗೆ ಹತ್ತಲಿಲ್ಲ. ಆದರೂ ಕೈಮೇಲೆ ಕೂತ.

ಮಾರನೆಯ ದಿನ ಮೇಲ್ವಿಚಾರಕ ಏನು ಮಾಡಿದರು ಎಂದು ಕೇಳಿದ. ಕೆಟ್ಟದ್ದನ್ನು ನೆನೆಯುತ್ತಾ ಕಣ್ಣು ಅತ್ತಿತ್ತ ಆಡಿಸಿದೆ ಎಂದು ಹದ್ದಣ್ಣ ಹೇಳಿದ. ಮಾತು ಮಹಡಿ ಹತ್ತಿ ಸಾಹೇಬರ ಕಿವಿಗೆ ಬಿತ್ತು. ಸಾಹೇಬರು ಮೇಜು ಗುದ್ದಿದರು. ಇಷ್ಟಕ್ಕೆ ಆಸ್ಪತ್ರೆ ಯಾಕೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ನಮ್ಮ ಸಾಹೇಬರು ಕೊಟ್ಟಿಗೆಯಲ್ಲಿದ್ದ ಅಷ್ಟಕ್ಕೂ ಬರೆ ಹಾಕಲು ಹೊರಟರು. ಎಲ್ಲ ನೌಕರರಿಗೂ ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ಅಂಗಳದಲ್ಲಿ ಸಾಮೂಹಿಕ ಕಣ್ಣಾಟ ಎಂದು ಸೂಚನಾ ಫಲಕದ ಮೇಲೆ ಅಂಟಿಸಿದರು. ಕೆಳಗೆ ಇನ್ನೊಂದು ಸಾಲು. ಬಾಟಲಿ ನೋಡುವವರು ಬರಬೇಕಾಗಿಲ್ಲ, ಅವರ ಕೆಲಸವೇ ಚಿಕಿತ್ಸೆಯಾದ್ದರಿಂದ ಅವರು ಅದಕ್ಕಾಗಿ ಕಂಪನಿಗೆ ಕೃತಜ್ಞರಾಗಿರತಕ್ಕದ್ದು.

ಸಿಬ್ಬಂದಿ ಅಧಿಕಾರಿ ಒಂದು ಉದ್ದನೆಯ ಕೋಲಿನ ತುದಿಗೆ ಕಂಪನಿಯ ಬಾಟಲಿ ಮುಚ್ಚಳ ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ನಿಂತ. "ಎಲ್ಲರೂ ಒಂದೊಂದು ಕೆಟ್ಟ ನೆನಪು ತಗೊಳ್ಳಿ. ತೀರಾ ದೊಡ್ಡದು ಬೇಡ, ಮಧ್ಯಮ ಗಾತ್ರದ್ದು" ಎಂದ. ಕೋಲು ಆಡಿಸಿದ. ಕಣ್ಣು ಆಡಿದವು. ಮೊದಲ ದಿನ ನಗು ಬಂತು. ಎರಡನೆಯ ದಿನ ಗೇಟು ಕಾಯುವವನಿಗೆ ಸತ್ತ ತಂಗಿ ನೆನಪಾಗಿ, ಗೇಟಿಗೆ ಒರಗಿ ಹೋ ಎಂದು ಅತ್ತ, ಹೊರಗೆ ಲಾರಿಗಳು ಹಾರನ್ ಹೊಡೆಯುತ್ತಾ ನಿಂತವು. ಮೂಟೆ ಹೊರುವವರಿಗೆ ಸಾಹೇಬರು ಹಿಂದೊಮ್ಮೆ ಮಾತು ಕೊಟ್ಟು ಹಾಕಿಸದೆ ಬಿಟ್ಟ ಫ್ಯಾನು ನೆನಪಾಯಿತು, ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಟೈಪು ಮಾಡುವ ಹೆಂಗಸಿಗೆ ತನಗೆ ಸಿಗಬೇಕಾಗಿದ್ದ ಬಡ್ತಿ ಸಿಬ್ಬಂದಿ ಅಧಿಕಾರಿಯ ಸೋದರಳಿಯನಿಗೆ ಹೋದದ್ದು ನೆನಪಾಗಿ, ಅವಳು ಕೋಲನ್ನು ನೋಡುವುದು ಬಿಟ್ಟು ಕೋಲು ಹಿಡಿದವನನ್ನು ನೋಡತೊಡಗಿದಳು. ಅಳು ಬಂದವರು ಊಟದ ಬಿಡುವಿನಲ್ಲಿ ಅಳತಕ್ಕದ್ದು ಎಂದು ಇನ್ನೊಂದು ಸೂಚನೆ ಬಂತು. ವಾರ ಮುಗಿಯುವುದರೊಳಗೆ ಕೋಲು ಉಗ್ರಾಣ ಸೇರಿತು. ನೆನಪು ಎನ್ನುವುದು ಮಧ್ಯಮ ಗಾತ್ರದಲ್ಲಿ ಸಿಗುವ ಸಾಮಾನಲ್ಲ ಎಂದು ಸಾಹೇಬರಿಗೆ ಅರ್ಥವಾಯಿತೋ ಇಲ್ಲವೋ, ಲಾರಿಗಳು ನಿಂತದ್ದಂತೂ ಅರ್ಥವಾಯಿತು.

ಹದ್ದಣ್ಣನ ಆಸ್ಪತ್ರೆಯನ್ನೂ ಆಗಲೇ ನಿಲ್ಲಿಸುತ್ತಿದ್ದರು. ಆದರೆ ಸಾಹೇಬರು ಮೇಲಿನವರಿಗೆ, ನಮ್ಮಲ್ಲಿ ಒಬ್ಬ ಬಡ ನೌಕರನ ಮನಸ್ಸನ್ನೂ ದುರಸ್ತಿ ಮಾಡಿಸುತ್ತೇವೆ ಎಂದು ಫೋಟೋ ಸಮೇತ ಹೇಳಿಕೊಂಡುಬಿಟ್ಟಿದ್ದರು. ಅರ್ಧ ದುರಸ್ತಿಯಾದ ಮನುಷ್ಯನ ಫೋಟೋ ಚೆನ್ನಾಗಿ ಬರುವುದಿಲ್ಲ. ಹಾಗಾಗಿ ಹದ್ದಣ್ಣ ವಾರಕ್ಕೊಮ್ಮೆ ಮಹಡಿ ಹತ್ತುವುದು ಮುಂದುವರಿಯಿತು.

ದಿನ ಕಳೆದಂತೆ ಅವನ ಕಣ್ಣು ಹಿಂದಕ್ಕೆ ಹರಿಯುವುದನ್ನೂ ಕಲಿಯಿತು. ಮೇಡಂ ಬೆರಳು ಆಡಿಸುವರು, ನಿಲ್ಲಿಸುವರು, ಉಸಿರು ತಗೊಳ್ಳಿ, ಏನು ಬಂತು ಎನ್ನುವರು. ನೆಲದ ಮೇಲಿನ ನೀರು ಬಂತು ಎನ್ನುವನು. ಅದರ ಜೊತೆ ಹೋಗಿ ಎನ್ನುವರು. ಭಾಮೈದನ ಅಂಗಿಯ ಬಣ್ಣ ಬಂತು. ಯಾರೋ ಕೂಗಿದ್ದು ಬಂತು. ಕೂಗಿದವನು ತಾನೇ ಎಂದು ಗೊತ್ತಾಯಿತು. ಒಂದೊಂದು ದಿನ ಬೆವರಿ, ಅಂಗಿ ಒದ್ದೆಯಾಗಿ, ಕಾಗದದ ಡಬ್ಬಿಯನ್ನು ಅರ್ಧ ಖಾಲಿಮಾಡಿ ಇಳಿದು ಬರುತ್ತಿದ್ದ. ಆದರೆ ಬುಟ್ಟಿಗೆ ಬೀಳುವ ಬಾಟಲಿಗಳು ಕಡಿಮೆಯಾಗುತ್ತಾ ಬಂದವು. ಮೇಲ್ವಿಚಾರಕ ಆಸ್ಪತ್ರೆಯ ಕಡೆಗೆ ಮುಖಮಾಡಿ ನಮಸ್ಕಾರ ಹೊಡೆದ.

ಒಂದು ದಿನ ಬಾಟಲಿ ಜಾರಿದ ಗಳಿಗೆಯನ್ನೇ ಹಿಡಿದುಕೊಂಡು ಕೂತಿದ್ದರು. ಬೆರಳು ಆಡುತ್ತಿತ್ತು, ಕಣ್ಣು ಹಿಂಬಾಲಿಸುತ್ತಿತ್ತು. ಮೇಡಂ ನಿಲ್ಲಿಸಿದರು.

"ನಿಮ್ಮ ಬಲಗೈ ಏನು ಮಾಡ್ತಾ ಇದೆ?"

ಹದ್ದಣ್ಣ ಕೆಳಗೆ ನೋಡಿದ. ತೊಡೆಯ ಕೆಳಗಿನಿಂದ ಬಲಗೈ ಯಾವಾಗ ಹೊರಗೆ ಬಂದಿತ್ತೋ, ಕುರ್ಚಿಯ ಅಂಚನ್ನು ಅಂಗೈಯಿಂದ ಒತ್ತುತ್ತಿತ್ತು. ಒತ್ತಿ, ಎತ್ತಿ, ಮತ್ತೆ ಒತ್ತುತ್ತಿತ್ತು.

"ನಿಲ್ಲಿಸಬೇಡಿ. ಅದು ಏನು ಮಾಡುತ್ತೋ ಮಾಡಲಿ, ನೋಡ್ತಾ ಹೋಗಿ" ಎಂದು ಮೇಡಂ ಮತ್ತೆ ಬೆರಳೆತ್ತಿದರು.

ಬಿಳಿ ಬೆಳಕು ಇದ್ದ ಜಾಗದಲ್ಲಿ ಬಟನ್ ಬಂತು. ಕೆಂಪು ಬಟನ್, ಅದರ ಮೇಲೆ ತನ್ನ ಅಂಗೈ. ಒತ್ತಿದ್ದ. ಬೆಲ್ಟು ಹರಿಯುತ್ತಲೇ ಇತ್ತು. ಮತ್ತೆ ಒತ್ತಿದ್ದ. ಮಣಿಕಟ್ಟು ನೋಯುವಷ್ಟು ಗುದ್ದಿದ್ದ. "ನಿಲ್ಲಿಸ್ರೋ" ಎಂದು ಕೂಗಿದ್ದ. ಬೆಲ್ಟು ಹರಿಯುತ್ತಲೇ ಇತ್ತು, ಬಾಟಲಿ ಹೋಗುತ್ತಲೇ ಇತ್ತು.

"ಒತ್ತಿದ್ದೆ ಮೇಡಂ," ಎಂದ. ಆಮೇಲೆ ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅಷ್ಟು ತಿಂಗಳು ಹೊತ್ತುಕೊಂಡು ತಿರುಗಿದ ಸತ್ತ ಕೈ ಬದುಕಿತ್ತು. ಅದನ್ನು ಎದೆಗೆ ಅವಚಿಕೊಂಡು ಕೂತ. ಅಳು ಇಳಿದ ಮೇಲೆ ಮೇಡಂ, ಈಗ ಹತ್ತಕ್ಕೆ ಎಷ್ಟು ಎಂದು ಕೇಳಿದರು. ಎರಡು ಎಂದ. ಆ ಎರಡು ಯಾಕೆ ಉಳಿಯಿತು ಎಂದಾಗ, ಅದು ಸಂಕಟದ್ದಲ್ಲ ಮೇಡಂ, ಸಿಟ್ಟಿನದು ಎಂದ.

ಚಿಕಿತ್ಸೆ ಮುಗಿದ ಮೇಲೆ ಸಾಹೇಬರ ಕೋಣೆಯಲ್ಲಿ ಒಂದು ಸಣ್ಣ ಸಮಾರಂಭ. ಫೋಟೋ ತೆಗೆಯುವವನು ಬಂದಿದ್ದ. ಮೇಡಂ ಅವರನ್ನೂ ಕರೆಸಿದ್ದರು.

"ಹೇಗಿದ್ದೀಯಪ್ಪ?" ಎಂದು ಸಾಹೇಬರು ಕೇಳಿದರು.

"ಚೆನ್ನಾಗಿದ್ದೀನಿ ಸಾರ್. ನಿದ್ದೆ ಬರುತ್ತೆ. ಕಂಪನಿಯಿಂದ ದೊಡ್ಡ ಉಪಕಾರ ಆಯ್ತು. ಎಲ್ಲಾ ನೆನಪಾಯ್ತು."

"ನೆನಪಾಯ್ತಾ?"

"ಆವತ್ತು ನಾನು ಬಟನ್ ಒತ್ತಿದ್ದೆ ಸಾರ್. ಬೆಲ್ಟು ನಿಲ್ಲಲಿಲ್ಲ."

ಸಾಹೇಬರು ಇಂಗು ತಿಂದ ಮಂಗನ ಹಾಗಾದರು. ಆ ಮುಖದ ಫೋಟೋ ಮಾತ್ರ ಬಹಳ ಚೆನ್ನಾಗಿ ಬಂತಂತೆ, ಆದರೆ ಕಂಪನಿ ಅದನ್ನು ಎಲ್ಲೂ ಹಾಕಲಿಲ್ಲ. ಅವರು ಮೇಡಂ ಕಡೆ ತಿರುಗಿ, "ಏನೋ ಹೆಚ್ಚುಕಮ್ಮಿ ಆಗಿದೆ. ನೀವು ಬೆರಳನ್ನ ಉಲ್ಟಾ ದಿಕ್ಕಿನಲ್ಲಿ ಆಡಿಸಿ ನೋಡಬಹುದಿತ್ತಲ್ಲ?" ಎಂದರು.

"ಎರಡೂ ದಿಕ್ಕಿನಲ್ಲೇ ಆಡಿಸೋದು ಸಾರ್," ಎಂದರು ಮೇಡಂ.

"ಹಾಗಾದ್ರೆ ಇವನು ಹೇಳೋದು ನಿಜ ಅಂತ ಬರೆದುಕೊಡ್ತೀರಾ?"

"ಇಲ್ಲ. ಅವರು ವಾಸಿಯಾಗಿದ್ದಾರೆ ಅಂತ ಬರೆದುಕೊಡ್ತೀನಿ. ನೆನಪು ನಿಜಾನೋ ಅಲ್ಲವೋ ಅಂತ ನಾನು ಹೇಳೋಕೆ ಬರಲ್ಲ, ನೆನಪು ಸಾಕ್ಷಿ ಅಲ್ಲ. ಅದನ್ನ ನೀವೇ ವಿಚಾರಿಸಬೇಕು."

ಸಾಹೇಬರಿಗೆ ಹೋದ ಜೀವ ಬಂತು. ಅಲ್ಲಿಗೆ ಮುಗಿಯುತ್ತಿತ್ತು, ಆದರೆ ಸಿಬ್ಬಂದಿ ಅಧಿಕಾರಿಗೆ ನಡುವೆ ಬಾಯಿ ಹಾಕಿ ಬುದ್ಧಿವಂತಿಕೆ ತೋರಿಸುವ ಚಟ. "ಹೌದು ಸಾರ್. ಆವತ್ತು ಬಟನ್‌ಗೆ ತಂತಿ ಸರಿಯಾಗಿತ್ತೋ ಇಲ್ಲವೋ ಹೇಳೋಕೆ ವೈರ್‌ಮನ್ ಒಬ್ಬನಿಗೇ ಸಾಧ್ಯ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದನ್ನು ಹದ್ದಣ್ಣ ಕೇಳಿದ್ದ, ಆ ದಿನ ಕಣ್ಣಾರೆ ಕಂಡ. ಸಾಹೇಬರ ಕೈ ಸುಮ್ಮಸುಮ್ಮನೆ ಅಂಗಿಯ ಕಾಲರ್ ಸರಿಮಾಡಿಕೊಂಡಿತು. "ವೈರ್‌ಮನ್ ಯಾಕೆ ಈಗ, ಪಾಪ ನೊಂದವನು" ಎಂದು ಸಭೆ ಮುಗಿಸಿದರು.

ಹದ್ದಣ್ಣ ನೆಗೆದುಕೊಂಡು ಮನೆಗೆ ಬಂದ. ಸಾಕ್ಷಿ ತನ್ನ ಮನೆಯವನೇ ಇದ್ದ. ತಂತಿ ಕೆಟ್ಟಿದ್ದರೆ ಅವನಿಗೆ ಗೊತ್ತಿರುತ್ತದೆ, ಇಷ್ಟು ದಿನ ಅವನನ್ನು ಕೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. "ನಾನು ಒತ್ತಿದ್ದೆ ಕಣೇ," ಎಂದ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದ. ಅವಳು ಮಡಿಸುತ್ತಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಎಷ್ಟೋ ತಿಂಗಳ ಮೇಲೆ ಗಂಡನ ಮುಖವನ್ನು ನೇರವಾಗಿ ನೋಡಿದಳು.

"ನಿಜ ಹೇಳಿ. ನನಗೋಸ್ಕರ ಹೇಳ್ತಾ ಇಲ್ಲ ತಾನೆ?"

"ಒತ್ತಿದ್ದೆ."

"ನಡೀರಿ. ಅವನ ಬಾಯಲ್ಲೇ ಕೇಳೋಣ."

ಭಾಮೈದನ ಮನೆ ಎರಡು ಬೀದಿ ಆಚೆ. ಅತ್ತೆ ಅಂಗಡಿಗೆ ಹೋಗಿದ್ದಳು, ಒಳ್ಳೆಯದೇ ಆಯಿತು. ಅವನು ಕಪ್ಪು ಕನ್ನಡಕ ತೆಗೆದಿಟ್ಟು ಮುಂದಿನ ಕೋಣೆಯಲ್ಲಿ ಒಬ್ಬನೇ ಕೂತಿದ್ದ. ಭಾವನನ್ನು ಕಂಡು ಎದ್ದು ಒಳಗೆ ಹೋಗಲು ನೋಡಿದ. ಅಕ್ಕ ಭುಜ ಹಿಡಿದು ಕೂರಿಸಿದಳು.

"ನಾನು ಒತ್ತಿದ್ದೆ ಕಣೋ," ಎಂದು ಹದ್ದಣ್ಣ ಎದುರಿಗೆ ಕೂತ. ಅವನ ಮುಖದಲ್ಲಿ ಸಂತೋಷ ತಡೆಯಲಾರದಷ್ಟಿತ್ತು. "ಈಗ ಸ್ಪಷ್ಟವಾಗಿ ನೆನಪಾಯ್ತು. ಬೆಲ್ಟು ನಿಲ್ಲಲಿಲ್ಲ. ತಂತಿ ಎಲ್ಲೋ ಕಡಿದಿರಬೇಕು. ನೀನು ಒಂದು ಮಾತು ಹೇಳಿದ್ರೆ ಸಾಕು, ಸಾಹೇಬರೂ ಒಪ್ಕೊಳ್ಳಲೇಬೇಕು."

ಭಾಮೈದ ನೆಲ ನೋಡಿದ. "ಗೊತ್ತು ಭಾವ."

"ಏನು ಗೊತ್ತು?"

"ನೀವು ಒತ್ತಿದ್ದು. ಒತ್ತಿ ಒತ್ತಿ ಕೂಗಿದ್ದು ನನಗೆ ಕೇಳಿಸ್ತು. ತಂತಿ ಕಡಿದಿರಲಿಲ್ಲ. ನಾನೇ ಬಿಚ್ಚಿದ್ದೆ. ಬಾಟಲಿ ನೋಡೋರು ಮಾತೆತ್ತಿದ್ರೆ ಬಟನ್ ಒತ್ತಿ ಬೆಲ್ಟು ನಿಲ್ಲಿಸ್ತಾರೆ, ಆ ಬಟನ್‌ಗೆ ಸ್ವಲ್ಪ ದಿನ ರಜಾ ಕೊಡು ಅಂದ್ರು ಸಾಹೇಬರು. ಹಿಂದಿನ ದಿನಾನೇ ಬಿಚ್ಚಿದ್ದೆ. ನನ್ನನ್ನ ಆಸ್ಪತ್ರೆಗೆ ಸಾಗ್ಸಿದ ಮೇಲೆ ಅವರೇ ಯಾರ ಕೈಯಲ್ಲೋ ತಂತಿ ಮತ್ತೆ ಸೇರ್ಸಿ ಇಟ್ರು. ಬಾಯಿ ಮುಚ್ಕೊಂಡಿದ್ರೆ ಉಗ್ರಾಣದಲ್ಲಿ ಕೂತು ಮಾಡೋ ಕೆಲಸ ಅಂದ್ರು. ಒಂದು ಕಣ್ಣಿನ ವೈರ್‌ಮನ್‌ಗೆ ಬೇರೆ ಯಾರು ಕೆಲಸ ಕೊಡ್ತಾರೆ ಭಾವ?"

ಹದ್ದಣ್ಣನಿಗೆ ಸಿಟ್ಟು ಬಂತು. ಅವನ ಜೀವಮಾನದಲ್ಲಿ ಅಂಥ ಸಿಟ್ಟು ಬಂದಿರಲಿಲ್ಲ. ಇಷ್ಟು ತಿಂಗಳು ಈ ತಗ್ಗಿದ ತಲೆಯನ್ನು ನೋಡಿ ತನ್ನ ಕೈಯನ್ನು ತಾನೇ ಶಪಿಸಿಕೊಂಡಿದ್ದ, ಹೆಂಡತಿಯ ಮುಂದೆ ನೆಂಟನ ಹಾಗೆ ಉಂಡಿದ್ದ. ಎದ್ದು ನಿಂತ. ಕಪಾಳಕ್ಕೆ ಎರಡು ಕೊಡಬೇಕು ಎನಿಸಿತು. ಕಣ್ಣಿಲ್ಲದ ಆ ಗುಳಿಯನ್ನು ನೋಡಿ ಮತ್ತೆ ಕೂತ. ಕೂತರೂ ಸಿಟ್ಟು ಹೋಗಲಿಲ್ಲ.

ಮಾತಾಡಿದವಳು ಅಕ್ಕ. "ನಾಳೆ ಬೆಳಗ್ಗೆ ಇವರ ಜೊತೆ ಹೋಗಿ ಎಲ್ಲರೆದುರಿಗೂ ಇದನ್ನೇ ಹೇಳ್ತೀಯ."

"ಕೆಲಸ ಹೋಗುತ್ತೆ ಅಕ್ಕ."

"ಹೋಗ್ಲಿ. ನಾನು ಇವರ ಜೊತೆ ಬಾಳಬೇಕಾದೋಳು. ಇಷ್ಟು ದಿನ ಹೇಗೆ ಬಾಳಿದೆ ಅಂತ ನಿನಗೆ ಗೊತ್ತಾ?" ಅವಳು ತಮ್ಮನ ಪಕ್ಕದಿಂದ ಎದ್ದುಬಂದು ಗಂಡನ ಪಕ್ಕದಲ್ಲಿ ಕೂತಳು.

ಭಾಮೈದ ಕಪ್ಪು ಕನ್ನಡಕ ಎತ್ತಿ ಹಾಕಿಕೊಂಡ. ಆಮೇಲೆ, "ಬರ್ತೀನಿ," ಎಂದ. ಸ್ವಲ್ಪ ತಡೆದು, ಕೇಳಲೋ ಬೇಡವೋ ಎಂಬ ದನಿಯಲ್ಲಿ ಕೇಳಿದ. "ಭಾವ, ಆ ಮೇಡಂ ಕೊಡೋ ಚಿಕಿತ್ಸೆ, ಒಂದೇ ಕಣ್ಣಿರೋರಿಗೂ ಆಗುತ್ತಾ?"

"ಆಗಬಹುದು, ಕೇಳ್ತೀನಿ," ಎಂದ ಹದ್ದಣ್ಣ. ಸಿಟ್ಟು ಇನ್ನೂ ಇತ್ತು, ಹಾಗಾಗಿ ಸೇರಿಸಿದ. "ಆದ್ರೆ ಒಂದು ತಿಳ್ಕೊ. ಅಲ್ಲಿ ಮರೆಸಲ್ಲ. ಮರೆತದ್ದನ್ನೂ ತಂದು ಎದುರಿಗೆ ಇಡ್ತಾರೆ."

"ನನ್ನೆದುರಿಗೆ ತಂದಿಡೋಕೆ ಏನೂ ಇಲ್ಲ ಭಾವ," ಎಂದ ಭಾಮೈದ. "ನಾನು ಒಂದು ದಿನಾನೂ ಮರೆತಿಲ್ಲ."